ಹನ್ನೆರಡು ಸಾವಿರ ಮಂದಿಗೆ ಮಣೆ ಹಾಕಿದ್ದು

ಮಧ್ಯಾಹ್ನ ಎರಡು ಗಂಟೆಗೆ ನಿಮ್ಮ ಮನೆಯಲ್ಲಿ ಏನು ನಡೆಯುತ್ತಿರುತ್ತದೆ? ಊಟ ಮುಗಿದು, ಪಾತ್ರೆ ತೊಳೆದಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಒಂದು ಗಳಿಗೆ ಕಾಲು ಚಾಚುವ ಹೊತ್ತು ಅದು. ಕೆಲವರು ಮಲಗುತ್ತೀರಿ, ಕೆಲವರು ಟೀವಿ ಹಾಕುತ್ತೀರಿ, ಕೆಲವರು ಈ ಪತ್ರಿಕೆ ಹಿಡಿದು ಅಡುಗೆಯ ಪುಟ ಹುಡುಕುತ್ತೀರಿ. ನಾನು ಆ ಹೊತ್ತಿನಲ್ಲಿ ಫುಟ್‌ಬಾಲ್ ಸ್ಟೇಡಿಯಂ ಕಟ್ಟುತ್ತೇನೆ.

ನಗಬೇಡಿ. ಇಟ್ಟಿಗೆ, ಸಿಮೆಂಟು ಬೇಡದ ಸ್ಟೇಡಿಯಂ ಇದು. ಕಂಪ್ಯೂಟರಿನ ಒಳಗೇ ಏಳುತ್ತದೆ, ಒಳಗೇ ಬೀಳುತ್ತದೆ. ಕಂಬ, ಮೆಟ್ಟಿಲು, ಕುರ್ಚಿ, ಚಾವಣಿ ಎಲ್ಲವನ್ನೂ ಉದ್ದ, ಅಗಲ, ಎತ್ತರ ಸಮೇತ ನಿಲ್ಲಿಸಿ ಸುತ್ತ ತಿರುಗಿಸಿ ನೋಡಬಹುದು. ಎದುರು ಮನೆಯಾಕೆ ಒಂದು ದಿನ ಹೆಪ್ಪಿಗೆ ಮೊಸರು ಕೇಳಲು ಬಂದವರು, ಪರದೆಯ ಮೇಲಿನ ಹಸಿರು ಹಾಸನ್ನೂ ಬಿಳಿಯ ಗೆರೆಗಳನ್ನೂ ನೋಡಿ “ಏನ್ರೀ ಇದು, ರಂಗೋಲೀನಾ?” ಎಂದರು. ವಿಷಯ ಕೇಳಿದ ಮೇಲೆ ಮೊಸರು ಮರೆತೇ ಹೋದರು. ಮಾರನೆಯ ದಿನ ಇಡೀ ಬೀದಿಗೆ ಗೊತ್ತಾಗಿತ್ತು. ನಮ್ಮ ತಿಪಟೂರಿನಲ್ಲಿ ಕೊಬ್ಬರಿ ಧಾರಣೆ ಬಿಟ್ಟರೆ ಇಷ್ಟು ಬೇಗ ಹರಡುವ ಸುದ್ದಿ ಬೇರೆ ಇಲ್ಲ.

ಈ ಹುಚ್ಚು ಹಿಡಿದದ್ದು 2023ರ ಚಳಿಗಾಲದಲ್ಲಿ. ಮಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ. ಓದುವಾಗ ಮಂಗಳೂರಿನ ಹಾಸ್ಟೆಲಿನಲ್ಲಿದ್ದು ಫುಟ್‌ಬಾಲಿನ ಗೀಳು ಹತ್ತಿಸಿಕೊಂಡವನು. ಅವನ ಮನೆಗೆ ಹೋಗಿದ್ದಾಗ “ಬಾಮ್ಮಾ, ಒಂದ್ಸಲ ನೋಡು” ಎಂದು ಶ್ರೀ ಕಂಠೀರವ ಕ್ರೀಡಾಂಗಣಕ್ಕೆ ಬೆಂಗಳೂರು ಎಫ್‌ಸಿ ಆಟ ನೋಡಲು ಕರೆದುಕೊಂಡು ಹೋದ. ಜನ ಕೂಗುತ್ತಿದ್ದರು, ಹಾಡುತ್ತಿದ್ದರು, ನನಗೂ ಒಂದು ನೀಲಿ ಶಾಲು ಹೊದೆಸಿದ. ಯಾರು ಗೆದ್ದರೆಂದು ಕೇಳಬೇಡಿ, ನೆನಪಿಲ್ಲ. ನನಗೆ ನೆನಪಿರುವುದು ಆಟಗಾರರು ಎಷ್ಟು ದೂರದಲ್ಲಿದ್ದರು ಎಂಬುದು ಮಾತ್ರ.

“ಇಷ್ಟು ದೂರ ಯಾಕೆ ಕೂರಿಸ್ತಾರೆ? ಮಧ್ಯೆ ಆ ಕೆಂಪು ರಸ್ತೆ ಯಾಕೆ?” ಎಂದೆ.

ಅದು ಓಟದ ಪಂದ್ಯಗಳಿಗಾಗಿ ಹಾಕಿದ ಟ್ರ್ಯಾಕು. ಕಂಠೀರವದ ಈ ಕ್ರೀಡಾಂಗಣದಲ್ಲಿ 1997ರಲ್ಲಿ ರಾಷ್ಟ್ರೀಯ ಕ್ರೀಡಾಕೂಟ ನಡೆದಿತ್ತಲ್ಲ, ಅಂಥ ಕೂಟಕ್ಕೆ 400 ಮೀಟರಿನ ಟ್ರ್ಯಾಕು ಬೇಕೇ ಬೇಕು. ಒಬ್ಬ ಓಟಗಾರನ ದಾರಿ 1.22 ಮೀಟರ್ ಅಗಲ, ಅಂಥ ಎಂಟು ದಾರಿಗಳೆಂದರೆ ಹತ್ತಿರ ಹತ್ತಿರ 10 ಮೀಟರ್. ಗೋಲಿನ ಹಿಂದೆ ಟ್ರ್ಯಾಕು ಅರ್ಧಚಂದ್ರಾಕಾರವಾಗಿ ಹೊರಳುವುದರಿಂದ ಅಲ್ಲಿ ಕೂತವರು ಇನ್ನೂ ದೂರ. ಎರಡೂ ಆಟಕ್ಕೆ ಒಂದೇ ಅಂಗಳ ಎಂದ ಮೇಲೆ ಹೀಗೇ ಆಗುವುದು. ಒಂದೇ ಬಾಣಲೆಯಲ್ಲಿ ದೋಸೆಯನ್ನೂ ಬೋಂಡವನ್ನೂ ಮಾಡಹೊರಟ ಹಾಗೆ. ಫುಟ್‌ಬಾಲಿಗೆಂದೇ ಕಟ್ಟಿದ ಕಡೆ ಟ್ರ್ಯಾಕು ಇರುವುದಿಲ್ಲ, ಜನ ಆಟಗಾರರ ಉಸಿರು ಕೇಳುವಷ್ಟು ಹತ್ತಿರ ಕೂರುತ್ತಾರೆ ಎಂದ ಮಗ. ನಾನು ಬಸ್ಸಿನ ತನಕವೂ ಗೊಣಗುತ್ತಲೇ ಇದ್ದೆ. ಅವನಿಗೆ ಸಾಕಾಗಿ, “ಹಾಗಾದ್ರೆ ನೀನೇ ಒಂದು ಕಟ್ಟಿಬಿಡಮ್ಮಾ” ಎಂದುಬಿಟ್ಟ.

ತಮಾಷೆಗೆ ಅಂದದ್ದು. ನಾನು ಮಾತ್ರ ಮರೆಯಲಿಲ್ಲ. ಯಾಕೆಂದರೆ, ನಿಮ್ಮ ಹತ್ತಿರ ಹೇಳಿಕೊಳ್ಳಲು ಏನು ನಾಚಿಕೆ, ಎಸ್ಸೆಸ್ಸೆಲ್ಸಿ ಮುಗಿದಾಗ ನನಗೆ ಡ್ರಾಫ್ಟ್ಸ್‌ಮನ್ ಕೆಲಸ ಕಲಿಯಬೇಕೆಂಬ ಆಸೆ ಇತ್ತು. ಗೆರೆ ಎಳೆಯುವುದೆಂದರೆ ಪ್ರಾಣ. “ಅದರ ಹೆಸರಿನಲ್ಲೇ ‘ಮನ್’ ಅಂತಿದೆ, ನಿನಗ್ಯಾಕೆ?” ಎಂದು ಮನೆಯಲ್ಲಿ ನಕ್ಕು, ಹೊಲಿಗೆ ಕ್ಲಾಸಿಗೆ ಹಾಕಿದರು. ಹೊಲಿಗೆ ಕಲಿತದ್ದೇನೂ ನಷ್ಟವಾಗಲಿಲ್ಲ. ಆ ಟೇಪು ಈಗ ಸ್ಟೇಡಿಯಂ ಅಳೆಯುತ್ತಿದೆ.

ಮಗ ತನ್ನ ಹಳೆಯ ಲ್ಯಾಪ್‌ಟಾಪನ್ನು ಕೊಟ್ಟು, ‘ಸ್ಕೆಚ್‌ಅಪ್’ ಎಂಬುದನ್ನು ತೋರಿಸಿಕೊಟ್ಟ. ಇದಕ್ಕೊಂದು ಉಚಿತ ಆವೃತ್ತಿ ಇದೆ, ಇಂಟರ್‌ನೆಟ್ ಇದ್ದರೆ ಸಾಕು. ‘ಬ್ಲೆಂಡರ್’ ಎಂಬ ಇನ್ನೊಂದು ಪೂರ್ತಿ ಉಚಿತ, ಆದರೆ ಅದರ ಗುಂಡಿಗಳನ್ನು ನೋಡಿಯೇ ನನಗೆ ತಲೆ ತಿರುಗಿತು. ಸ್ಕೆಚ್‌ಅಪ್‌ನ ಗುಟ್ಟು ಸುಲಭ. ನೆಲದ ಮೇಲೆ ಒಂದು ಚೌಕ ಬರೆಯಿರಿ, ಅದನ್ನು ಹಿಡಿದು ಮೇಲಕ್ಕೆ ಎಳೆಯಿರಿ, ಚೌಕ ಪೆಟ್ಟಿಗೆಯಾಗುತ್ತದೆ. ಮೇಲಿಂದ ಒತ್ತಿದರೆ ಗುಂಡಿ ಬೀಳುತ್ತದೆ. ಉದ್ದಿನವಡೆ ತಟ್ಟಿದವರಿಗೆ ಇದನ್ನು ಬೇರೆ ಹೇಳಿಕೊಡಬೇಕೆ?

ನಿಮ್ಮಲ್ಲಿ ಯಾರಿಗಾದರೂ ಮನಸ್ಸಾದರೆ ಒಂದು ಮಾತು ಕೇಳಿ. ಮೊದಲೇ ಸ್ಟೇಡಿಯಂಗೆ ಕೈ ಹಾಕಬೇಡಿ, ನಿಮ್ಮ ಅಡುಗೆಮನೆಯನ್ನೇ ಕಟ್ಟಿ. ಹೊಲಿಗೆಯ ಟೇಪಿನಲ್ಲಿ ಒಲೆಕಟ್ಟೆ, ಗೂಡು, ಬಾಗಿಲು ಅಳೆದು ಬರೆದುಕೊಂಡು ಶುರು ಮಾಡಿ. ಮಧ್ಯೆ ಚಕ್ರವಿರುವ ಮೌಸು ಕೊಳ್ಳಿ, ಬೆರಳು ಉಜ್ಜುವ ಹಲಗೆಯಲ್ಲಿ ಈ ಕೆಲಸ ಸಾಗದು. ಮಾಡಿದ್ದನ್ನು ಆಗಾಗ ಉಳಿಸಿಟ್ಟುಕೊಳ್ಳಿ. ನಮ್ಮೂರಿನ ಕರೆಂಟು ಹೇಳಿ ಹೋಗುವುದಿಲ್ಲ. ನನ್ನ ಅಡುಗೆಮನೆ ಪರದೆಯ ಮೇಲೆ ಎದ್ದು ನಿಂತಾಗ, ಮೂವತ್ತು ವರ್ಷ ನಾನು ಬೈದುಕೊಂಡ ಆ ಮೂಲೆಯ ಗೂಡನ್ನು ಒಂದು ಕೈಯಳತೆ ಎಡಕ್ಕೆ ಸರಿಸಿದ್ದರೆ ಫ್ರಿಜ್ಜಿನ ಬಾಗಿಲು ಪೂರ್ತಿ ತೆಗೆಯಬಹುದಿತ್ತು ಎಂದು ತಿಳಿಯಿತು. ನಮ್ಮವರನ್ನು ಕರೆದು ತೋರಿಸಿದೆ. “ಹೂಂ” ಎಂದರು. ಗೂಡು ಅಲ್ಲೇ ಇದೆ.

ಆಮೇಲೆ ಮೈದಾನ. ದೊಡ್ಡ ಪಂದ್ಯಗಳಿಗೆ 105 ಮೀಟರ್ ಉದ್ದ, 68 ಮೀಟರ್ ಅಗಲ. ಈ ಮೀಟರು ಗೀಟರು ನನ್ನ ತಲೆಗೆ ಹತ್ತಲಿಲ್ಲ. ಲೆಕ್ಕ ಹಾಕಿ ನೋಡಿದೆ, 1 ಎಕರೆ 30 ಗುಂಟೆ ಚಿಲ್ಲರೆ ಆಯಿತು. 30 ಅಡಿಗೊಂದರಂತೆ ನೆಟ್ಟರೆ ಸುಮಾರು 85 ತೆಂಗಿನ ಗಿಡ ಹಿಡಿಸುವ ಜಾಗ! ಈಗ ಕಣ್ಣಿಗೆ ಕಟ್ಟಿತು. ಗೋಲಿನ ಕಂಬಗಳ ನಡುವೆ 7.32 ಮೀಟರ್, ಎತ್ತರ 2.44 ಮೀಟರ್ ಎಂದು ಓದಿದಾಗ ಇದೆಂಥ ವಿಚಿತ್ರ ಅಳತೆ ಎನಿಸಿತ್ತು. ಅಡಿಗೆ ತಿರುಗಿಸಿದರೆ ಸರಿಯಾಗಿ 24 ಅಡಿ, 8 ಅಡಿ. ಹಳೆಯ ಕಾಲದವರ ಲೆಕ್ಕ ಅಡಿಯಲ್ಲಿದ್ದದ್ದೇ ಚೆನ್ನ, ಏನಂತೀರಿ?

ತಪ್ಪುಗಳನ್ನು ಮುಚ್ಚಿಡುವುದಿಲ್ಲ. ನಡುವಿನ ವೃತ್ತಕ್ಕೆ 9.15 ಮೀಟರ್ ಎಂದಿದ್ದನ್ನು ಆ ಕಡೆಯಿಂದ ಈ ಕಡೆಗೆ ಎಂದು ತಿಳಿದು ಬರೆದುಬಿಟ್ಟೆ. ಅದು ನಡುಬಿಂದುವಿನಿಂದ ಅಂಚಿಗೆ ಅಂತೆ. ಮಗ ನೋಡಿ “ಅಮ್ಮ, ಇದು ಮೈದಾನದಲ್ಲಿ ತುಳಸಿಕಟ್ಟೆ ಇಟ್ಟಂಗಿದೆ” ಎಂದ. ಇನ್ನೊಂದು ಸಲ ಗೋಲುಕಂಬವನ್ನು ಸ್ವಲ್ಪ ಸರಿಸಲು ಹೋದರೆ ಮೈದಾನವೇ ಹಿಂದೆ ಎದ್ದು ಬಂತು. ಒಂದೊಂದು ವಸ್ತುವನ್ನೂ ಬೇರೆ ಗಂಟು ಕಟ್ಟಿಡದಿದ್ದರೆ ಎಲ್ಲವೂ ಅಂಟಿಕೊಳ್ಳುತ್ತದೆ, ಬಿಸಿಯಾಗಿರುವಾಗ ಬಿಡಿಸದ ಶಾವಿಗೆಯಂತೆ. ಪುಣ್ಯಕ್ಕೆ, ಮಾಡಿದ್ದನ್ನು ಇಲ್ಲವೆನಿಸಲು ಎರಡು ಗುಂಡಿ ಒತ್ತಿದರೆ ಸಾಕು. ಸಂಸಾರದಲ್ಲಿ ಇಂಥ ಗುಂಡಿ ಯಾರೂ ಇಟ್ಟಿಲ್ಲ.

ನನಗೆ ನಿಜವಾಗಿ ರುಚಿ ಹತ್ತಿದ್ದು ಕೂರುವ ಜಾಗಕ್ಕೆ ಬಂದಾಗ. ಚಿಕ್ಕವಳಾಗಿದ್ದಾಗ ಹಬ್ಬದ ನಾಟಕಕ್ಕೆ ಹೋದರೆ ನನ್ನ ಮುಂದೆ ಯಾವಾಗಲೂ ಒಂದು ಪೇಟ. ಇಡೀ ಕುರುಕ್ಷೇತ್ರವನ್ನು ಪೇಟದ ಎಡಗಡೆಯಿಂದ ಅರ್ಧ, ಬಲಗಡೆಯಿಂದ ಅರ್ಧ ನೋಡಿದವಳು ನಾನು. ಆ ಕಷ್ಟ ನನ್ನ ಸ್ಟೇಡಿಯಂನಲ್ಲಿ ಯಾರಿಗೂ ಬರಕೂಡದೆಂದು ನಿಶ್ಚಯಿಸಿದೆ. 20 ಸಾಲು, ಒಂದೊಂದಕ್ಕೂ 80 ಸೆಂಟಿಮೀಟರ್ ಜಾಗ, ಒಂದೊಂದು ಸಾಲೂ ಮುಂದಿನದಕ್ಕಿಂತ 20 ಸೆಂಟಿಮೀಟರ್ ಎತ್ತರ ಎಂದು ಚೆಂದಕ್ಕೆ ಒಂದೇ ಸಮ ಮೆಟ್ಟಿಲು ಹಾಕಿದೆ. ಸ್ಕೆಚ್‌ಅಪ್‌ನಲ್ಲಿ ನಮ್ಮ ಕಣ್ಣನ್ನು ಎಲ್ಲಿ ಬೇಕಾದರೂ ಇಟ್ಟು ಅಲ್ಲಿಂದ ಹೇಗೆ ಕಾಣುತ್ತದೆಂದು ನೋಡಬಹುದು. ಕೊನೆಯ ಸಾಲಿನಲ್ಲಿ ಕಣ್ಣಿಟ್ಟೆ. ಮುಂದೆ ಒಂದು ಮನುಷ್ಯನ ಗೊಂಬೆ ಕೂರಿಸಿದೆ. ಬಂತು ನೋಡಿ, ಪೇಟ!

ಇದಕ್ಕೊಂದು ಲೆಕ್ಕವಿದೆ. ಹಿಂದೆ ಕೂತವರ ಕಣ್ಣಿನಿಂದ ಮೈದಾನದ ಹತ್ತಿರದ ಗೆರೆಗೆ ಒಂದು ದಾರ ಕಟ್ಟಿದಿರಿ ಎನ್ನಿ. ಆ ದಾರ ಮುಂದೆ ಕೂತವರ ಕಣ್ಣಿಗಿಂತ ಎಷ್ಟು ಮೇಲೆ ಹಾದುಹೋಗುತ್ತದೆಯೋ ಅದನ್ನು ಸ್ಟೇಡಿಯಂ ಕಟ್ಟುವವರು ‘ಸಿ ಬೆಲೆ’ ಎನ್ನುತ್ತಾರೆ. 12 ಸೆಂಟಿಮೀಟರ್ ಇದ್ದರೆ ಬಹಳ ಚೆನ್ನ, 9 ಇದ್ದರೆ ಚೆನ್ನ, 6ಕ್ಕಿಂತ ಇಳಿದರೆ ಕತ್ತು ನೀಳ ಮಾಡಬೇಕು. ಮೊದಲ ಸಾಲಿನವರ ಕಣ್ಣು ಗೆರೆಯಿಂದ 10 ಮೀಟರ್ ದೂರದಲ್ಲಿ, 2 ಮೀಟರ್ ಎತ್ತರದಲ್ಲಿ ಇರುವಂತೆ ನಾನು ಬರೆದಿದ್ದೆ. ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಗುಣಿಸಿ ಭಾಗಿಸಿ ನೋಡಿದರೆ ಎರಡನೆಯ ಸಾಲಿನವರಿಗೆ ಸಿಗುತ್ತಿದ್ದದ್ದು 3.7 ಸೆಂಟಿಮೀಟರ್, ಕೊನೆಯ ಸಾಲಿನವರಿಗೆ ಬರೀ 1.6! ಒಂದು ಹೂವಿನ ದಂಡೆ ಸಾಕು ಗೋಲನ್ನು ಮರೆಮಾಡಲು. ಎಲ್ಲರಿಗೂ 9 ಸಿಗಬೇಕಾದರೆ ಮೆಟ್ಟಿಲು ಮೇಲೆ ಹೋದಂತೆ ಎತ್ತರವಾಗುತ್ತ ಹೋಗಬೇಕು. ಮೊದಲ ಏರು 26 ಸೆಂಟಿಮೀಟರ್, ಕೊನೆಯದು 33 ಚಿಲ್ಲರೆ. ದೊಡ್ಡ ಸ್ಟೇಡಿಯಂಗಳು ಬಟ್ಟಲಿನ ಹಾಗೆ ಅಂಚಿನಲ್ಲಿ ಕಡಿದಾಗುವುದು ಇದಕ್ಕೇ ಎಂದು ಅವತ್ತು ಅರ್ಥವಾಯಿತು. ಅಂದಕ್ಕೆ ಮಾಡಿರುತ್ತಾರೆಂದು ನಾನು ಎಣಿಸಿದ್ದೆ.

ಆದರೆ 33 ಸೆಂಟಿಮೀಟರ್ ಎಂದರೆ 13 ಅಂಗುಲ. ಸೀರೆ ಉಟ್ಟು, ಕಂಕುಳಲ್ಲಿ ಮಗು ಇಟ್ಟುಕೊಂಡು 13 ಅಂಗುಲ ಹತ್ತಿ ನೋಡಿ! ಆದ್ದರಿಂದ ಓಡಾಡುವ ದಾರಿಯಲ್ಲಿ ಪ್ರತಿ ಏರಿಗೂ ಮಧ್ಯೆ ಇನ್ನೊಂದು ಮೆಟ್ಟಿಲಿಟ್ಟು ಆರೂವರೆ ಅಂಗುಲಕ್ಕೆ ಇಳಿಸಬೇಕು. ನಮ್ಮ ಮನೆಯ ಮಹಡಿ ಮೆಟ್ಟಿಲೂ ಅಷ್ಟೇ ಇದೆ, ಅಳೆದು ನೋಡಿದೆ.

ಕುರ್ಚಿಗಳ ಕಥೆ ಕೇಳಿ. ಒಂದು ಕುರ್ಚಿಯನ್ನು ತುಂಬ ಆಸ್ಥೆಯಿಂದ ಮಾಡಿದೆ. ಬೆನ್ನಿಗೆ ಬಾಗು, ಅಂಚಿಗೆ ಉರುಟು, ಅಡಿಯಲ್ಲಿ ಎಂಟು ತಿರುಪು. ಒಂದು ಅಚ್ಚು ಮಾಡಿಕೊಂಡರೆ ಸಾವಿರಗಟ್ಟಲೆ ಒತ್ತಬಹುದು, ಚಕ್ಕುಲಿಯ ಹಾಗೆ. ಇದರಲ್ಲಿ ಇನ್ನೂ ಒಂದು ಸೊಗಸು. ಆಮೇಲೆ ಅಚ್ಚು ಬದಲಾಯಿಸಿದರೆ ಆಗಲೇ ಕರಿದಿಟ್ಟ ಚಕ್ಕುಲಿಗಳೂ ಬದಲಾಗುತ್ತವೆ. ಉತ್ಸಾಹದಲ್ಲಿ ಉದ್ದದ ಎರಡು ಬದಿಗೆ 3,800ರಂತೆ, ಗೋಲಿನ ಹಿಂದೆ ಎರಡು ಬದಿಗೆ 2,160ರಂತೆ ಒತ್ತಿದೆ. ಒಟ್ಟು 11,920. ನಮ್ಮವರು ಲೆಕ್ಕ ಕೇಳಿ “ಹನ್ನೆರಡು ಸಾವಿರ ಜನಕ್ಕೆ ಮಣೆ ಹಾಕಿದೀಯ, ಎಲೆ ಯಾವಾಗ ಹಾಕ್ತೀಯ?” ಎಂದರು. ಅಷ್ಟರಲ್ಲಿ ಲ್ಯಾಪ್‌ಟಾಪಿನ ಫ್ಯಾನು ಕುಕ್ಕರಿನಂತೆ ಕೂಗಿ ಪರದೆ ಕಲ್ಲಾಯಿತು. ಹನ್ನೆರಡು ಸಾವಿರ ಕುರ್ಚಿಗೆ ತೊಂಬತ್ತಾರು ಸಾವಿರ ತಿರುಪು ಹೊತ್ತು ಬಡಪಾಯಿ ಎಷ್ಟು ಹೊತ್ತು ನಿಂತೀತು? ದೂರದಿಂದ ಕಾಣದ ತಿರುಪು ಯಾತಕ್ಕೆ ಎಂದು ಮಗ ಫೋನಿನಲ್ಲೇ ಬೈದ. ಈಗ ನನ್ನ ಕುರ್ಚಿ ಎಂದರೆ ಎರಡು ಹಲಗೆ ಅಷ್ಟೆ. ಮನಸ್ಸಿಗೆ ಕಸಿವಿಸಿ, ಆದರೆ ಕೆಲಸ ಸಾಗುತ್ತದೆ.

ನೆರಳಿನ ವಿಷಯದಲ್ಲಿ ಮಾತ್ರ ಯಾರಿಂದಲೂ ಹೇಳಿಸಿಕೊಳ್ಳಲಿಲ್ಲ. ಮೈದಾನದ ಉದ್ದವನ್ನು ಉತ್ತರ ದಕ್ಷಿಣವಾಗಿ ಇಡುವುದು ವಾಡಿಕೆ. ಸಂಜೆಯ ಬಿಸಿಲು ಗೋಲಿ ಹುಡುಗನ ಕಣ್ಣಿಗೆ ಹೊಡೆಯಬಾರದಲ್ಲ. ಊರು, ತಿಂಗಳು, ಗಂಟೆ ಕೊಟ್ಟರೆ ಸ್ಕೆಚ್‌ಅಪ್ ಆ ಹೊತ್ತಿನ ನೆರಳನ್ನು ಬೀಳಿಸಿ ತೋರಿಸುತ್ತದೆ. ತಿಪಟೂರು, ಜೂನ್, ಮಧ್ಯಾಹ್ನ ಎಂದು ಕೊಟ್ಟೆ. ನೆರಳು ದಕ್ಷಿಣಕ್ಕೆ ಬಿತ್ತು. ಮಗ ಇದೇನೋ ತಪ್ಪಾಗಿದೆ, ನೆರಳು ಉತ್ತರಕ್ಕೆ ಬೀಳಬೇಕು ಎಂದ. ಸಂಡಿಗೆ ಒಣಗಿಸಿದವಳಿಗೆ ಗೊತ್ತಿಲ್ಲವೆ? ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನ ತನಕ ನಮ್ಮ ಕಡೆ ನಡುಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ, ಮನೆಯ ದಕ್ಷಿಣದ ಗೋಡೆಗೆ ಆಗ ಬಿಸಿಲು ತಾಗುವುದಿಲ್ಲ. ಕಂಪ್ಯೂಟರೂ ನಾನೂ ಒಂದು ಕಡೆ, ಇಂಜಿನಿಯರ್ ಮಗ ಇನ್ನೊಂದು ಕಡೆ. ಸಂಜೆಯ ಆಟಕ್ಕೆ ಪಡುವಣ ಗ್ಯಾಲರಿಯೇ ತಂಪು, ಬಿಸಿಲು ಬೆನ್ನಿಗೆ. ಮೂಡಣದವರಿಗೆ ಕಣ್ಣಿಗೇ ಬಿಸಿಲು, ಅಲ್ಲಿ ಚಾವಣಿ ಎಷ್ಟು ಚಾಚಿದರೂ ಸಾಲದು. ಮಕ್ಕಳೊಂದಿಗೆ ಬರುವ ಹೆಂಗಸರಿಗೆ ಪಡುವಣವನ್ನೇ ಮೀಸಲಿಟ್ಟೆ. ನನ್ನ ಸ್ಟೇಡಿಯಂ, ನನ್ನ ಕಾನೂನು.

ಇಷ್ಟೆಲ್ಲ ಆದ ಮೇಲೆ ಹೊರಗೆ ಹೋಗುವ ಮೆಟ್ಟಿಲು. ಇಲ್ಲಿಗೆ ಬಂದಾಗ ನನ್ನ ಕೈ ನಿಂತಿತು. ಹಲವು ದಿನ ಲ್ಯಾಪ್‌ಟಾಪ್ ಮುಚ್ಚಿಟ್ಟಿದ್ದೆ.

1998ರಲ್ಲಿ ಒಂದು ಬೆಟ್ಟದ ಜಾತ್ರೆಗೆ ಹೋಗಿದ್ದೆವು. ಊರಿನ ಹೆಸರು ಬೇಡ. ಮಗಳಿಗೆ ಆಗ ನಾಲ್ಕು ವರ್ಷ. ದರ್ಶನ ಮುಗಿಸಿ ಇಳಿಯುವಾಗ ಕಿರಿದಾದ ಕಲ್ಲು ಮೆಟ್ಟಿಲು, ಹತ್ತುವವರೂ ಅದರಲ್ಲೇ, ಇಳಿಯುವವರೂ ಅದರಲ್ಲೇ. ಯಾರೂ ತಳ್ಳಲಿಲ್ಲ, ಯಾರೂ ಕೆಟ್ಟವರಲ್ಲ. ಆದರೂ ಒಂದು ಗಳಿಗೆಯಲ್ಲಿ ನನ್ನ ಕಾಲು ನೆಲ ಬಿಟ್ಟಿತು, ಜನವೇ ನನ್ನನ್ನು ಹೊತ್ತು ಇಳಿಸುತ್ತಿತ್ತು, ಎದೆಗೆ ಉಸಿರು ಹೋಗುತ್ತಿರಲಿಲ್ಲ. ಮಗಳ ಕೈ ನನ್ನ ಕೈಯಿಂದ ಜಾರಿತು. ಎಣ್ಣೆ ಹಚ್ಚಿದ ಕೈ ಜಾರಿದ ಹಾಗೆ, ಮೆಲ್ಲಗೆ. ಕೂಗಿದೆನೋ ಇಲ್ಲವೋ ಗೊತ್ತಿಲ್ಲ. ಕೆಳಗೆ ತಲುಪಿದ ಮೇಲೆ ಹತ್ತು ನಿಮಿಷ, ಇರಬಹುದು, ಒಬ್ಬ ಹೂವಾಡಗಿತ್ತಿ ಪಕ್ಕದ ಗೋಡೆಯ ಮೇಲೆ ಅವಳನ್ನು ಎತ್ತಿ ಕೂರಿಸಿಕೊಂಡಿದ್ದಳು. ಒಂದು ಕಾಲಿನ ಗೆಜ್ಜೆ ಹೋಗಿತ್ತು. ಬೇರೇನೂ ಆಗಿರಲಿಲ್ಲ. ಆ ಹೆಂಗಸಿಗೆ ನಾನು ಸರಿಯಾಗಿ ಕೈ ಮುಗಿದೆನೋ ಇಲ್ಲವೋ, ಅದೂ ನೆನಪಿಲ್ಲ. ಆಮೇಲೆ ನಮ್ಮ ಮನೆಯಲ್ಲಿ ಆ ಮಾತನ್ನು ಯಾರೂ ಎತ್ತಿಲ್ಲ.

ಸ್ಟೇಡಿಯಂ ಮೆಟ್ಟಿಲಿನ ಲೆಕ್ಕ ಹುಡುಕುತ್ತ ಹೋದಾಗ ಗ್ಲಾಸ್ಗೊ ನಗರದ ಐಬ್ರಾಕ್ಸ್ ಸ್ಟೇಡಿಯಂ ಎದುರಾಯಿತು. 1971ರ ಜನವರಿ 2. ರೇಂಜರ್ಸ್ ಮತ್ತು ಸೆಲ್ಟಿಕ್ ಪಂದ್ಯ 1-1 ಆಗಿ ಮುಗಿದು ಜನ ಮನೆಗೆ ಹೊರಟಿದ್ದರು. 13ನೆಯ ಮೆಟ್ಟಿಲಸಾಲು ಎಂದು ಅದರ ಹೆಸರು. ಇಳಿಯುವಾಗ ಯಾರೋ ಮುಗ್ಗರಿಸಿದರು, ಮೇಲಿನಿಂದ ಜನ ಬರುತ್ತಲೇ ಇದ್ದರು, ಬಿದ್ದವರ ಮೇಲೆ ಬಿದ್ದರು. 66 ಜನ ಸತ್ತರು. ಕೊನೆಗಳಿಗೆಯ ಗೋಲಿನ ಕೂಗು ಕೇಳಿ ಕೆಲವರು ವಾಪಸು ಹತ್ತಿದ್ದರಿಂದ ಹೀಗಾಯಿತೆಂದು ಜನ ಬಹಳ ಕಾಲ ನಂಬಿದ್ದರಂತೆ. ವಿಚಾರಣೆಯಲ್ಲಿ ಹಾಗಲ್ಲವೆಂದು ತಿಳಿಯಿತು. ಎಲ್ಲರೂ ಒಂದೇ ದಿಕ್ಕಿಗೆ, ಕೆಳಕ್ಕೇ ಹೋಗುತ್ತಿದ್ದರು. ಅದೇ ಮೆಟ್ಟಿಲಲ್ಲಿ 1961ರಲ್ಲೂ ಇಬ್ಬರು ಸತ್ತಿದ್ದರು. 1971ರಲ್ಲಿ ಸತ್ತವರಲ್ಲಿ ಐವರು ಮಾರ್ಕಿಂಚ್ ಎಂಬ ಒಂದೇ ಸಣ್ಣ ಊರಿನ ಹುಡುಗರು, ಗೆಳೆಯರು. ಐದು ಮನೆಯ ತಾಯಂದಿರು ಅವತ್ತು ರಾತ್ರಿ ಅಡುಗೆ ಮಾಡಿಟ್ಟು ಕಾದಿರಬೇಕು. ನಾನು ಅಲ್ಲಿಂದ ಮುಂದೆ ಓದಲಾರದೆ ಎದ್ದು ಹೋಗಿ ಹಿತ್ತಿಲಲ್ಲಿ ನಿಂತೆ.

ನಮ್ಮ ದೇಶದಲ್ಲೂ ಆಗಿಲ್ಲವೆ? 1980ರ ಆಗಸ್ಟ್ 16ರಂದು ಕಲ್ಕತ್ತೆಯ ಈಡನ್ ಗಾರ್ಡನ್ಸ್‌ನಲ್ಲಿ ಫುಟ್‌ಬಾಲ್ ಪಂದ್ಯದ ದಿನ 16 ಜನ. ಇಂಗ್ಲೆಂಡಿನ ಹಿಲ್ಸ್‌ಬರೋದಲ್ಲಿ 1989ರಲ್ಲಿ ನಡೆದ ನೂಕಿಗೆ 97 ಜನ. ಮತ್ತೆ 2025ರ ಜೂನ್ 4, ನಮ್ಮ ಬೆಂಗಳೂರಿನಲ್ಲೇ, ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಹೊರಗೆ 11 ಜನ. ಆಟ ಕ್ರಿಕೆಟ್ಟಿನದಾದರೇನು. ಆ ಸಂಜೆ ಮಗನ ಫೋನು ಸಿಗದೆ ನಾನು ಪಟ್ಟ ಪಾಡನ್ನು ಬೆಂಗಳೂರಿನಲ್ಲಿ ಮಕ್ಕಳಿರುವ ನಿಮ್ಮಲ್ಲಿ ಬಹಳ ಮಂದಿ ಪಟ್ಟಿದ್ದೀರಿ. ಅವನು ಆಫೀಸಿನಲ್ಲೇ ಇದ್ದ.

ಐಬ್ರಾಕ್ಸ್‌ನ ಸಾವುಗಳಾದ ಮೇಲೆ 1973ರಲ್ಲಿ ಬ್ರಿಟನ್ನಿನಲ್ಲಿ ಒಂದು ಕೈಪಿಡಿ ಬಂತು. ಹಸಿರು ರಟ್ಟಿನದಾದ್ದರಿಂದ ‘ಗ್ರೀನ್ ಗೈಡ್’ ಎಂದೇ ಹೆಸರು. ಅದರ 2008ರ ಮುದ್ರಣದಲ್ಲಿ ನಮಗೆ ಬೇಕಾದ ಲೆಕ್ಕವಿದೆ. 1 ಮೀಟರ್ ಅಗಲದ ಸಮನೆಲದಲ್ಲಿ ಒಂದು ನಿಮಿಷಕ್ಕೆ ಹೆಚ್ಚೆಂದರೆ 82 ಜನ ಹಾದುಹೋಗಬಹುದು, ಮೆಟ್ಟಿಲಲ್ಲಿ 66 ಜನ. ಆಟ ಮುಗಿದ ಮೇಲೆ ಗ್ಯಾಲರಿ 8 ನಿಮಿಷದಲ್ಲಿ ಖಾಲಿಯಾಗಬೇಕು. ಮತ್ತೆ 66. ಈ ಅಂಕಿಗೂ ಆ ಅಂಕಿಗೂ ಸಂಬಂಧವಿಲ್ಲ, ಗೊತ್ತು. ಆದರೂ ಬರೆದುಕೊಳ್ಳುವಾಗ ಪೆನ್ನು ಒಂದು ಸಲ ತಡೆಯಿತು.

ನನ್ನ ಮೂಡಣ ಗ್ಯಾಲರಿಯಲ್ಲಿ 3,800 ಜನ. ಅಂದಕ್ಕೆಂದು ನಾಲ್ಕು ಮೂಲೆಗೆ ನಾಲ್ಕು ಮೆಟ್ಟಿಲಸಾಲು ಇಟ್ಟಿದ್ದೆ, ಒಂದೊಂದೂ 1.2 ಮೀಟರ್ ಅಗಲ. ಲೆಕ್ಕ ಹಾಕಿದೆ. ಒಂದು ಸಾಲಿನಲ್ಲಿ ನಿಮಿಷಕ್ಕೆ 79 ಜನ, 8 ನಿಮಿಷಕ್ಕೆ 633. ನಾಲ್ಕೂ ಸೇರಿ 2,534 ಜನ ಹೊರಗೆ ಬಂದರು. 1,266 ಜನ ಒಳಗೇ ಉಳಿದರು.

ಬರೀ ಪರದೆಯ ಮೇಲಿನ ಗೊಂಬೆಗಳು ಎನ್ನುತ್ತೀರಿ. ನನಗೆ ಹಾಗನ್ನಿಸಲಿಲ್ಲ. ಚೆನ್ನಾಗಿ ಕಾಣಲಿ, ನೆರಳಿರಲಿ ಎಂದು ಅಷ್ಟು ಉಪಚಾರ ಮಾಡಿ ಕೂರಿಸಿದವಳು, ಎದ್ದು ಹೋಗುವ ದಾರಿಯನ್ನು ಕೊನೆಗೆ ಉಳಿಸಿಕೊಂಡಿದ್ದೆನಲ್ಲ! ಮದುವೆಮನೆಯಲ್ಲಿ ಪಂಕ್ತಿ ಕೂರಿಸುವುದು ದೊಡ್ಡದಲ್ಲ, ಎಬ್ಬಿಸಿ ಕೈತೊಳೆಯಲು ಕಳಿಸುವ ಕಡೆಯೇ ನೂಕುನುಗ್ಗಲು ಎಂದು ನಮ್ಮತ್ತೆ ಹೇಳುತ್ತಿದ್ದರು. ಅದನ್ನು ಕೇಳಿಯೂ ಮರೆತಿದ್ದೆ.

ಆರು ಸಾಲು ಮಾಡಿದರೆ 3,801 ಜನ. ಒಬ್ಬರ ಜಾಗ ಮಿಕ್ಕಿತು, ಲೆಕ್ಕ ಪಾಸಾಯಿತು. ಆದರೆ ನೂರು ಜನರ ಊಟಕ್ಕೆ ನಾವು ಯಾವತ್ತಾದರೂ ನೂರೇ ಜನರ ಅಕ್ಕಿ ಹಾಕಿದ್ದೇವೆಯೆ? ಒಂದು ಮೆಟ್ಟಿಲಿನಲ್ಲಿ ಯಾರಾದರೂ ಕಾಲು ಉಳುಕಿಸಿಕೊಂಡು ಕೂತರೆ? ಏಳು ಸಾಲು ಹಾಕಿದೆ. ಅದಕ್ಕಾಗಿ ಎರಡು ತಿಂಗಳ ಕೆಲಸ ಕಿತ್ತು ಮತ್ತೆ ಕಟ್ಟಬೇಕಾಯಿತು, 60 ಕುರ್ಚಿ ಹೋದವು. ಹೋಗಲಿ. ಹತ್ತುವವರಿಗೂ ಇಳಿಯುವವರಿಗೂ ನಡುವೆ ಕಂಬಿ ಹಾಕಿದೆ. ಏಳನೆಯ ಸಾಲನ್ನು ಉಳಿದವಕ್ಕಿಂತ ಸ್ವಲ್ಪ ಅಗಲ ಮಾಡಿದ್ದೇನೆ, ಪಕ್ಕದಲ್ಲಿ ಒಂದು ಮೋಟು ಗೋಡೆಯೂ ಇದೆ. ಮಗುವನ್ನು ಎತ್ತಿ ಕೂರಿಸುವಷ್ಟು ಎತ್ತರ.

ಶೌಚಾಲಯದ ವಿಷಯ ಬರೆಯಬಹುದೋ ಇಲ್ಲವೋ, ಸಂಪಾದಕರು ಕ್ಷಮಿಸಬೇಕು. ದೂರ ಹೊರಟರೆ ಬೆಳಗಿನಿಂದ ನೀರು ಕುಡಿಯದ ಅಭ್ಯಾಸ ನಮ್ಮೆಲ್ಲರಿಗೂ ಇದೆ. ಗಂಡಸರಿಗೂ ಹೆಂಗಸರಿಗೂ ಸಮ ಜಾಗ ಕೊಟ್ಟರೆ ನ್ಯಾಯವೆಂದು ನಾನೂ ಮೊದಲು ಒಂದೇ ಅಳತೆಯ ಎರಡು ಕೋಣೆ ಬರೆದೆ. ಅದೇ ಜಾಗದಲ್ಲಿ ಗಂಡಸರ ಕಡೆ ಹೆಚ್ಚು ಮಂದಿಗೆ ಅನುಕೂಲವಾಗುತ್ತದೆ, ನಮಗೆ ಒಬ್ಬೊಬ್ಬರಿಗೂ ಬಾಗಿಲಿರುವ ಕೋಣೆಯೇ ಬೇಕು, ಹೊತ್ತೂ ಹೆಚ್ಚು ಬೇಕು, ಜೊತೆಗೆ ಮಗು. ಆದ್ದರಿಂದ ನಮ್ಮದು ಎರಡರಷ್ಟು. ಪ್ರತಿ ಬಾಗಿಲ ಹಿಂದೆ ಚೀಲ ನೇತುಹಾಕಲು ಒಂದು ಮೊಳೆ. ಆ ಮೊಳೆಯನ್ನು ಮಾತ್ರ ಲ್ಯಾಪ್‌ಟಾಪ್ ನಿಂತರೂ ತೆಗೆಯುವುದಿಲ್ಲ ಎಂದು ಮಗನಿಗೆ ಹೇಳಿದ್ದೇನೆ. ಇರಾನ್ ದೇಶದಲ್ಲಿ ಸುಮಾರು 40 ವರ್ಷ ಹೆಂಗಸರನ್ನು ಗಂಡಸರ ಫುಟ್‌ಬಾಲ್ ನೋಡಲು ಒಳಗೇ ಬಿಡುತ್ತಿರಲಿಲ್ಲ. 2019ರ ಅಕ್ಟೋಬರ್ 10ರಂದು ಕಾಂಬೋಡಿಯದ ವಿರುದ್ಧದ ಪಂದ್ಯಕ್ಕೆ ಟೆಹರಾನಿನ ಆಜಾದಿ ಸ್ಟೇಡಿಯಂನಲ್ಲಿ ಹೆಂಗಸರು ಟಿಕೀಟು ಕೊಂಡು ಕೂತರಂತೆ. ಅವರಿಗೆ ಅಲ್ಲಿ ಮೊಳೆ ಇತ್ತೋ ಇಲ್ಲವೋ ಎಂಬುದೇ ನನ್ನ ಯೋಚನೆ.

ಕಳೆದ ದೀಪಾವಳಿಗೆ ಮಗಳು ಬಂದಿದ್ದಳು. ಅವಳಿಗೆ ಈಗ ಮೂವತ್ತು ದಾಟಿದೆ, ಅವಳಿಗೇ ಒಂದು ಮಗು. ಮಗುವನ್ನು ಮಡಿಲಲ್ಲಿಟ್ಟುಕೊಂಡು ಮೌಸು ಹಿಡಿದು ಸ್ಟೇಡಿಯಂ ಎಲ್ಲ ಸುತ್ತಿದಳು. ಪಡುವಣದಲ್ಲಿ ಕೂತು ನೋಡಿದಳು, ಮೂಡಣಕ್ಕೆ ಹೋದಳು, ಏಳನೆಯ ಮೆಟ್ಟಿಲಿನಿಂದ ಇಳಿದಳು.

“ಇದ್ಯಾಕಮ್ಮ ಇಷ್ಟು ಅಗಲ? ಈ ಗೋಡೆ ಯಾಕೆ, ಏನೂ ಕೆಲಸ ಇಲ್ವಲ್ಲ ಇದಕ್ಕೆ?”

ಅವಳಿಗೆ ಆ ಜಾತ್ರೆ ನೆನಪಿಲ್ಲ. ಗೆಜ್ಜೆ ಮಾತ್ರ ಎಲ್ಲೋ ಕಳೆದುಕೊಂಡಿದ್ದೆನಂತಲ್ಲ ಎಂದು ಒಮ್ಮೊಮ್ಮೆ ಕೇಳುತ್ತಾಳೆ.

“ಇರಲಿ ಬಿಡು, ಚೆಂದಕ್ಕೆ” ಎಂದೆ.

ನಮ್ಮವರು ಪೇಪರಿನ ಹಿಂದಿನಿಂದ ನನ್ನನ್ನು ಒಂದು ಸಲ ನೋಡಿದರು. ಏನೂ ಹೇಳಲಿಲ್ಲ. ಮಾರನೆಯ ದಿನ ಸುತ್ತಿಗೆ ತಂದು ಅಡುಗೆಮನೆಯ ಆ ಗೂಡನ್ನು ಒಂದು ಕೈಯಳತೆ ಎಡಕ್ಕೆ ಸರಿಸಿಕೊಟ್ಟರು. ಈಗ ಫ್ರಿಜ್ಜಿನ ಬಾಗಿಲು ಪೂರ್ತಿ ತೆಗೆಯುತ್ತದೆ. ಸ್ಟೇಡಿಯಂ ಮಾತ್ರ ಇನ್ನೂ ಮುಗಿದಿಲ್ಲ, ದಕ್ಷಿಣದ ಗ್ಯಾಲರಿಗೆ ಚಾವಣಿಯೇ ಬಿದ್ದಿಲ್ಲ. ಹಪ್ಪಳದ ಕೆಲಸ ಮುಗಿಯಲಿ ಎಂದು ಕಾಯುತ್ತಿದ್ದೇನೆ.